ಏಳು ಪೀರಿಯಡ್ಡು, ಮೂರು ಮಕ್ಕಳು, ಒಬ್ಬಳು ಅಮ್ಮ: ಒಂದು ಹೋಮ್‌ಸ್ಕೂಲ್ ಮನೆಯ ಪ್ರಕರಣ

ರಾತ್ರಿ ಹನ್ನೊಂದು ಗಂಟೆಗೆ ಫೋನ್ ಬಂತು ಅಂದ್ರೆ ಯಾರಿಗೋ ಹುಷಾರಿಲ್ಲ ಅಂತಾನೇ ನನ್ನ ತಲೆಗೆ ಮೊದಲು ಬರೋದು. ಎತ್ತಿದ್ರೆ ಆ ಕಡೆಯಿಂದ ಮಾತೇ ಇಲ್ಲ, ಬರೀ ಮೂಗು ಸೀಟೋ ಸದ್ದು. ಆಮೇಲೆ ಒಂದೇ ಉಸಿರಲ್ಲಿ, "ಅಕ್ಕಾ, ನಾಳೆ ಬೆಳಗ್ಗೆ ಹೋಗಿ ಇಬ್ಬರನ್ನೂ ವಾಪಸ್ ಸ್ಕೂಲಿಗೆ ಸೇರಿಸಿ ಬರ್ತೀನಿ, ನನ್ನ ಕೈಲಾಗಲ್ಲ, ನಾನು ಇವತ್ತು ಅವಳ ಲೆಕ್ಕದ ಪುಸ್ತಕ ಎತ್ತಿ ಬಿಸಾಕಿದೆ" ಅಂದ್ಲು.

ಅವಳ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ, ಹೆಸರು ಬೇಡ ಅಂದಿದಾಳೆ, ಹಾಕಲ್ಲ. ನಾನು ನನ್ನ ಇಬ್ಬರು ಮಕ್ಕಳನ್ನ ಒಂಬತ್ತು ವರ್ಷ ಮನೇಲೇ ಓದಿಸಿದವಳು, ಈಗ ಅವರು ದೊಡ್ಡವರಾಗಿದಾರೆ, ಹಾಗಾಗಿ ಹೊಸದಾಗಿ ಶುರು ಮಾಡಿದ ಅಮ್ಮಂದಿರು ಆಗಾಗ ನನಗೆ ಫೋನ್ ಮಾಡ್ತಾರೆ. ಬಹಳ ಸಲ ನಾಲ್ಕು ಒಳ್ಳೆ ಮಾತು ಹೇಳಿ ಇಟ್ಟುಬಿಡ್ತೀನಿ. ಈ ಒಂದು ಮನೆ ಜೊತೆ ಮಾತ್ರ ಸುಮಾರು ಐದು ತಿಂಗಳು ಅಂಟಿಕೊಂಡೆ, ಯಾಕಂದ್ರೆ ಮೊದಲ ಎರಡು ವಾರ ನಾನೇ ಪರಿಸ್ಥಿತಿ ಹಾಳು ಮಾಡಿದ್ದೆ. ಅದನ್ನೂ ಬರೀತೀನಿ.

ಮನೆ ಹೇಗಿತ್ತು

ಮೂರು ಮಕ್ಕಳು. ದೊಡ್ಡವಳಿಗೆ ಒಂಬತ್ತು, ಮೂರು ವರ್ಷ ಶಾಲೆಗೆ ಹೋಗಿ ಬಂದವಳು. ನಡುವಿನವನಿಗೆ ಆರು. ಚಿಕ್ಕದಕ್ಕೆ ಎರಡು ತುಂಬಿತ್ತು ಅಷ್ಟೇ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋ ವಯಸ್ಸು. ಗಂಡ ಬೆಳಗ್ಗೆ ಹೋದ್ರೆ ಸಂಜೆ ಬರೋದು. ಶಾಲೆ ಬಿಡಿಸಿದ್ದು ಯಾಕೆ ಅನ್ನೋದು ಈ ಕಥೆಗೆ ಬೇಕಾಗಿಲ್ಲ, ಇಬ್ಬರೂ ಕೂತು ಯೋಚಿಸಿ ಮಾಡಿದ ತೀರ್ಮಾನ, ಕಾಗದ ಪತ್ರ ಎಲ್ಲಾ ಸರಿಯಾಗಿ ಮಾಡಿಕೊಂಡಿದ್ರು.

ಶಾಲೆ ಬಿಟ್ಟ ಎರಡನೇ ದಿನದಿಂದಲೇ ಟೈಮ್‌ಟೇಬಲ್ ಶುರು. ಏಳು ಪೀರಿಯಡ್, ಒಂದೊಂದು 40 ನಿಮಿಷ, ಫೋನಲ್ಲಿ ಬೆಲ್ ಬೇರೆ. ಗೋಡೆ ಮೇಲೆ ಬಣ್ಣಬಣ್ಣದ ಚಾರ್ಟು. ಮೊದಲ ವಾರದ ಫೋಟೋ ನನಗೂ ಕಳಿಸಿದ್ಲು, ನಿಜ ಹೇಳ್ಬೇಕಂದ್ರೆ ನೋಡಿ ಖುಷಿಪಟ್ಟಿದ್ದೆ. ಆದ್ರೆ ಲೆಕ್ಕ ಹಾಕಿ ನೋಡಿ, ಇಬ್ಬರು ಮಕ್ಕಳು ಬೇರೆ ಬೇರೆ ಮಟ್ಟದಲ್ಲಿದ್ದಾರೆ ಅಂದ್ರೆ ಏಳು ಪೀರಿಯಡ್ ಅನ್ನೋದು ಅಮ್ಮನಿಗೆ ಹದಿನಾಲ್ಕು ಪಾಠ. ಶಾಲೇಲಿ ಒಬ್ಬ ಟೀಚರ್ ಹದಿನಾಲ್ಕು ಪಾಠ ಮಾಡಲ್ಲ, ಮಾಡಿದ್ರೂ ನಡುವೆ ಎರಡು ವರ್ಷದ ಮಗುವಿನ ಅಂಡು ತೊಳೆಯಲ್ಲ, ಒಲೆ ಮೇಲೆ ಇಟ್ಟಿದ್ದು ಸೀದು ಹೋಗ್ತಿದೆಯಾ ಅಂತ ಮೂಸಿ ನೋಡಲ್ಲ.

ಮೂರನೇ ತಿಂಗಳ ಹೊತ್ತಿಗೆ ದೊಡ್ಡವಳು ಪುಸ್ತಕ ಕಂಡ್ರೆ ಹೊಟ್ಟೆನೋವು ಅನ್ನೋಕೆ ಶುರು ಮಾಡಿದ್ಲು. ನಡುವಿನವನು ಒತ್ತಕ್ಷರ ಬಂದ ಕಡೆ ನಿಂತುಬಿಡ್ತಿದ್ದ, ನಿಂತ್ರೆ ಮುಂದಕ್ಕೇ ಹೋಗ್ತಿರ್ಲಿಲ್ಲ. ಸಂಜೆ ಗಂಡ ಬಾಗಿಲಲ್ಲಿ ಚಪ್ಪಲಿ ಬಿಡ್ತಾ, "ಇವತ್ತು ಏನೇನು ಓದಿದ್ರಿ?" ಅಂತ ಪ್ರೀತಿಯಿಂದಲೇ ಕೇಳೋದು, ಅವಳ ಕಿವಿಗೆ ಅದು ಇನ್ಸ್‌ಪೆಕ್ಷನ್ ಥರ ಬೀಳೋದು. ಅದರ ಮೇಲೆ ನೆಂಟರು. ಬಂದವರು ಕೂತ್ಕೊಂಡ ತಕ್ಷಣ ಮಗುನ ಕರೆದು "ಹದಿನೇಳರ ಮಗ್ಗಿ ಹೇಳು ನೋಡೋಣ" ಅಂತಾರೆ, ಶಾಲೆಗೆ ಹೋಗೋ ಅವರ ಮಕ್ಕಳನ್ನ ಯಾರೂ ಹಾಗೆ ಕೇಳಲ್ಲ. ಮಗು ತಡವರಿಸಿದ್ರೆ ಎಲ್ಲರೂ ಅಮ್ಮನ ಮುಖ ನೋಡ್ತಾರೆ.

ನಾನು ಮಾಡಿದ ಎಡವಟ್ಟು

ಆ ರಾತ್ರಿ ನಾನು ಹೇಳಿದ್ದು, "ತಾಳ್ಮೆ ತಗೋ ಕಣೇ, ಎಲ್ಲಾ ಸರಿಹೋಗತ್ತೆ." ಇದಕ್ಕಿಂತ ಕೆಲಸಕ್ಕೆ ಬಾರದ ಮಾತು ಇನ್ನೊಂದಿಲ್ಲ. ತಾಳ್ಮೆ ಎಲ್ಲಿಂದ ತಗೊಳ್ಳೋದು, ಡಬ್ಬೀಲಿ ಇಟ್ಟಿರತ್ತಾ? ಸಾಲದ್ದಕ್ಕೆ ಮರುದಿನ ನನ್ನ ಹಳೇ ದಿನಚರಿ ಹುಡುಕಿ, ಅದರಲ್ಲಿ ಚೆನ್ನಾಗಿ ನಡೆದ ಒಂದು ವರ್ಷದ ಪುಟಗಳ ಫೋಟೋ ತೆಗೆದು ಕಳಿಸಿದೆ, ಪ್ರೋತ್ಸಾಹ ಕೊಡ್ತಿದೀನಿ ಅಂದ್ಕೊಂಡು. ಅವಳು ಅದನ್ನ ನೋಡಿ ತನ್ನ ಚಾರ್ಟಿಗೆ ಇನ್ನೂ ಎರಡು ವಿಷಯ ಸೇರಿಸಿದ್ಲು. ಹದಿನಾಲ್ಕು ಇದ್ದದ್ದು ಹದಿನೆಂಟು ಆಯ್ತು. ನನ್ನ ಆ ವರ್ಷ ನನ್ನ ಚಿಕ್ಕವನಿಗೆ ಏಳು ವರ್ಷ ಆಗಿತ್ತು, ಮನೇಲಿ ಕೂಸು ಇರ್ಲಿಲ್ಲ, ಈ ವಿಷಯ ನಾನು ಹೇಳೋದೇ ಮರೆತಿದ್ದೆ. ಹತ್ತು ದಿನಕ್ಕೆ ಮತ್ತೆ ಫೋನ್, ಈ ಸಲ ಅಳುನೂ ಇಲ್ಲ, ಬರೀ ಸುಸ್ತು, ಅದು ಅಳುಗಿಂತ ಭಯ ಆಯ್ತು ನನಗೆ.

ಆಗ ಉಪದೇಶ ಬಿಟ್ಟು ಪ್ರಶ್ನೆ ಕೇಳಿದೆ. ಬೆಲ್ಜಿಯಮ್ಮಿನ ಇಸಬೆಲ್ ರೋಸ್ಕಾಮ್ ಮತ್ತೆ ಮೋಯ್ರಾ ಮಿಕೊಲಾಯ್ಚಾಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಪ್ಪ ಅಮ್ಮಂದಿರ ಬಳಲಿಕೆ ಬಗ್ಗೆ ಕೆಲಸ ಮಾಡಿದಾರೆ, ಅವರು ಹೇಳೋ ಪ್ರಕಾರ ಬರೀ ಸುಸ್ತಾಗೋದು ಒಂದು, ಮಕ್ಕಳಿಂದ ಮನಸ್ಸು ದೂರ ಸರಿದು ಅವರ ಜೊತೆ ಯಂತ್ರದ ಥರ ಇರೋದು ಇನ್ನೊಂದು, ಮೊದಲು ಹೀಗಿರ್ಲಿಲ್ಲವಲ್ಲ ನಾನು ಅನ್ನಿಸೋದು ಮತ್ತೊಂದು. ಇವೆಲ್ಲ ಒಟ್ಟಿಗೆ ಕೂತ್ರೆ ಅದು ಒಂದು ದಿನ ರಜ ತಗೊಂಡು ಹೋಗೋ ಆಯಾಸ ಅಲ್ಲ. ಅದಕ್ಕೇ ಕೇಳಿದೆ, ಮಕ್ಕಳು ಹತ್ತಿರ ಬಂದ್ರೆ ಏನನ್ಸತ್ತೆ ನಿಂಗೆ ಅಂತ. "ಹಗಲೆಲ್ಲ ಬೈತೀನಿ ಅಕ್ಕಾ, ಮಲಗಿದ ಮೇಲೆ ಅವರ ಮುಖ ನೋಡ್ತಾ ಕೂತಿರ್ತೀನಿ" ಅಂದ್ಲು. ಸರಿ, ಬಾಗಿಲು ಮುಚ್ಚಿಲ್ಲ ಅಂದ್ಕೊಂಡೆ. ಆದ್ರೂ ಖಡಾಖಂಡಿತವಾಗಿ ಹೇಳಿದೆ, ಎರಡು ವಾರ ಹೀಗೇ ನಿದ್ದೆ ಊಟ ತಪ್ಪಿದ್ರೆ, ನಿನಗಾಗ್ಲಿ ಮಕ್ಕಳಿಗಾಗ್ಲಿ ಏನಾದ್ರೂ ಮಾಡಿಕೊಳ್ಳೋ ಯೋಚನೆ ಒಂದೇ ಒಂದು ಸಲ ಬಂದ್ರೂ ಸರಿ, ನನಗೆ ಅಲ್ಲ, ಡಾಕ್ಟರಿಗೆ ಫೋನ್ ಮಾಡ್ಬೇಕು ಅಂತ. ಹೋಮ್‌ಸ್ಕೂಲ್ ಮಾಡೋರ ನಡುವೆ ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ನಾವೇ ಆರಿಸಿಕೊಂಡ ದಾರಿ ಅಲ್ವಾ, ಕಷ್ಟ ಅಂದ್ರೆ "ಹಾಗಾದ್ರೆ ಸ್ಕೂಲಿಗೆ ಹಾಕು" ಅನ್ನೋ ಉತ್ತರ ರೆಡಿ ಇರತ್ತೆ.

402 ರಲ್ಲಿ 178 ಹೋದ್ರೆ

ಬಿಸಾಕಿದ ಪುಸ್ತಕದ ಆ ಪುಟದ ಫೋಟೋ ಕಳಿಸು ಅಂದೆ. ಈ ಇಡೀ ಪ್ರಕರಣದಲ್ಲಿ ನನಗೆ ಇದೇ ಮುಖ್ಯ ಅನ್ಸೋದು, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ.

ಕಳೆಯೋ ಲೆಕ್ಕ. ಪುಟದ ತುಂಬಾ ಕೆಂಪು ಇಂಟು ಮಾರ್ಕು. 402 ರಲ್ಲಿ 178 ಕಳೆದು ಹುಡುಗಿ 376 ಬರೆದಿದ್ಲು. 51 ರಲ್ಲಿ 27 ಹೋದ್ರೆ 36. 630 ರಲ್ಲಿ 245 ಹೋದ್ರೆ 415. ಆದ್ರೆ 968 ರಲ್ಲಿ 345 ಮಾತ್ರ 623, ಕರೆಕ್ಟು. "ನೋಡಿ ಅಕ್ಕಾ, ಮನಸ್ಸಿದ್ರೆ ಮಾಡ್ತಾಳೆ, ಗಮನ ಇಲ್ಲ ಅಷ್ಟೇ, ಮೂರು ತಿಂಗಳಿಂದ ಸಾಲ ತಗೋ ಸಾಲ ತಗೋ ಅಂತ ಬಾಯಿ ಬಡ್ಕೋತಿದೀನಿ" ಅಂತ ಅವಳು.

ನೀವೂ ಒಂದ್ಸಲ ನೋಡಿ. 402 ರಲ್ಲಿ ಬಿಡಿಸ್ಥಾನದಲ್ಲಿ 2, ಕೆಳಗೆ 8. ಹುಡುಗಿ 8 ರಲ್ಲಿ 2 ಕಳೆದು 6 ಬರೆದಿದಾಳೆ. ಹತ್ತರ ಸ್ಥಾನದಲ್ಲಿ 0, ಕೆಳಗೆ 7, ಅಲ್ಲಿ 7. ನೂರರಲ್ಲಿ 4 ರಿಂದ 1 ಹೋಗಿ 3. ಅಂದ್ರೆ ಮೇಲೆ ಕೆಳಗೆ ಯಾವುದಿದ್ರೂ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕೆಯಿಂದ ಚಿಕ್ಕ ಅಂಕೆ ಕಳೀತಿದಾಳೆ. ಪುಟದ ಎಲ್ಲಾ ತಪ್ಪೂ ಇದೇ ತಪ್ಪು, ಒಂದೂ ಬಿಡದ ಹಾಗೆ. 968 ರಲ್ಲಿ ಮೇಲಿನ ಅಂಕೆಗಳೆಲ್ಲ ದೊಡ್ಡದಾಗಿದ್ದಕ್ಕೆ ಉತ್ತರ ಸರಿ ಬಂತು. ಗಮನ ಇಲ್ಲದ ಮಗು ಇಷ್ಟು ನಿಯತ್ತಾಗಿ ತಪ್ಪು ಮಾಡಲ್ಲ. ಅವಳಿಗೆ ಒಂದು ನಿಯಮ ಇತ್ತು, ನಿಯಮವೇ ತಪ್ಪಾಗಿತ್ತು. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತೆ ರಿಚರ್ಡ್ ಬರ್ಟನ್ ಅನ್ನೋ ಇಬ್ಬರು ಸಂಶೋಧಕರು ಮಕ್ಕಳ ಇಂಥ ಕಳೆಯೋ ತಪ್ಪುಗಳನ್ನ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ ಹುಡುಕೋ ಹಾಗೆ ಹುಡುಕಿ ಪಟ್ಟಿ ಮಾಡಿದ್ರು, ಈ ದೊಡ್ಡದರಿಂದ ಚಿಕ್ಕದು ಕಳೆಯೋ ತಪ್ಪು ಅದರಲ್ಲಿ ಬಹಳ ಸಾಮಾನ್ಯವಾದದ್ದು. ಸಾವಿರಾರು ಮಕ್ಕಳು ಮಾಡಿರೋ ತಪ್ಪು.

ಮರುದಿನ ಮಗಳನ್ನೇ ಕೇಳು, ಬೈಬೇಡ, ಇದನ್ನ ಹೇಗೆ ಮಾಡಿದೆ ಪುಟ್ಟಿ ಅಂತ ಮಾತ್ರ ಕೇಳು ಅಂದೆ. ಹುಡುಗಿ ಹೇಳಿದ್ದು ಕೇಳಿ: "ಚಿಕ್ಕದರಿಂದ ದೊಡ್ಡದು ಹೋಗಲ್ಲ ಅಂತ ನೀನೇ ಹೇಳಿದ್ದಲ್ವಾಮ್ಮಾ." ಹೇಳಿದ್ದು ನಿಜ. ಅವಳಿಗೆ ಆರು ವರ್ಷ ಇದ್ದಾಗ ಯಾವತ್ತೋ ಹೇಳಿದ್ದು. ಮಗು ಅದನ್ನ ಮೂರು ವರ್ಷ ಜೋಪಾನ ಮಾಡಿ ಪಾಲಿಸಿಕೊಂಡು ಬಂದಿದೆ.

ಆಮೇಲೆ ಲೆಕ್ಕದ ಪುಸ್ತಕ ಎರಡು ವಾರ ಮುಚ್ಚಿಟ್ವಿ. ಕಡ್ಡಿಗಳು, ರಬ್ಬರ್ ಬ್ಯಾಂಡು. ಹತ್ತು ಕಡ್ಡಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ಚೀಲ. 402 ಅಂದ್ರೆ ನಾಲ್ಕು ಚೀಲ, ಕಟ್ಟು ಇಲ್ಲ, ಎರಡು ಕಡ್ಡಿ. ಅದರಲ್ಲಿ ಎಂಟು ಕಡ್ಡಿ ಕೊಡು ಅಂದ್ರೆ ಕೊಡೋಕೆ ಇಲ್ಲ, ಹುಡುಗಿ ಸುಮ್ನೆ ನೋಡ್ತಾ ಕೂತ್ಲಂತೆ, ಅಮ್ಮ ತುಟಿ ಕಚ್ಚಿಕೊಂಡು ಸುಮ್ಮನಿದ್ಲಂತೆ (ಇದು ಎಷ್ಟು ಕಷ್ಟ ಅಂತ ಮಕ್ಕಳಿಗೆ ಹೇಳಿಕೊಟ್ಟವರಿಗೇ ಗೊತ್ತು), ಆಮೇಲೆ ತಾನೇ ಒಂದು ಚೀಲ ಒಡೆದು ಹತ್ತು ಕಟ್ಟು ಮಾಡಿ, ಅದರಲ್ಲಿ ಒಂದು ಕಟ್ಟು ಬಿಚ್ಚಿ ಹತ್ತು ಕಡ್ಡಿ ಮಾಡಿದ್ಲು. ಮೂರು ಚೀಲ, ಒಂಬತ್ತು ಕಟ್ಟು, ಹನ್ನೆರಡು ಕಡ್ಡಿ. ಉತ್ತರ 224. "ಇದು ಸಾಲ ಅಲ್ಲಮ್ಮಾ, ಚಿಲ್ಲರೆ ಮಾಡಿಸೋದು" ಅಂದ್ಲಂತೆ ಹುಡುಗಿ. ಈ ಮಾತನ್ನ ಹೇಳೋಕೆ ಅಮ್ಮ ನನಗೆ ಮಧ್ಯಾಹ್ನವೇ ಫೋನ್ ಮಾಡಿದ್ಲು, ನಗ್ತಾ, ಆಮೇಲೆ ಇದ್ದಕ್ಕಿದ್ದಂಗೆ ಅತ್ತುಬಿಟ್ಲು, ಗಮನ ಇಲ್ಲ ಅಂತ ಎಷ್ಟು ಬೈದಿದೀನಿ ಅಕ್ಕಾ ಅಂತ.

ನನಗನ್ನಿಸಿದ್ದು, ಇವಳಿಗೆ ತಾಳ್ಮೆ ಕಮ್ಮಿ ಇರ್ಲಿಲ್ಲ. ಹದಿನೆಂಟು ಪಾಠ ಓಡಿಸೋ ಅಮ್ಮನಿಗೆ ಒಂದು ತಪ್ಪಿನ ಮುಂದೆ ಐದು ನಿಮಿಷ ಕೂತು ಇದು ಯಾಕೆ ಹೀಗೆ ಅಂತ ನೋಡೋಕೆ ಟೈಮೇ ಇರ್ಲಿಲ್ಲ, ಇಂಟು ಹಾಕೋಕೆ ಮಾತ್ರ ಇತ್ತು.

ಕಡಿಮೆ ಮಾಡಿದ್ದು

ಮೊದಲು ಒಂದು ವಾರ ಏನೂ ಬದಲಾಯಿಸಬೇಡ, ಏನು ನಡೀತು ಅಂತ ಗಂಟೆ ಸಮೇತ ಬರಿ ಅಂದೆ. ದೊಡ್ಡವಳು ದಿನಾ ಗಂಟೆಗಟ್ಟಲೆ ಪಾಠಕ್ಕೆ ಕೂರ್ತಿದ್ಲು, ಅದರಲ್ಲಿ ನಿಜವಾಗಿ ತಲೆ ಓಡಿಸಿ ಓದಿದ್ದು ಹೆಚ್ಚೂಕಮ್ಮಿ ಒಂದೂಮುಕ್ಕಾಲು ಗಂಟೆ. ಉಳಿದಿದ್ದು ಪೆನ್ಸಿಲ್ ಹುಡುಕೋದು, ತಮ್ಮನ ಸರದಿ ಮುಗಿಯೋವರೆಗೆ ಕಾಯೋದು, ಕೂಸು ಅಳೋದು, ಬೈಸಿಕೊಳ್ಳೋದು. ಹಾಗಿದ್ರೆ ಆ ಒಂದೂಮುಕ್ಕಾಲು ಗಂಟೆ ಮಾತ್ರ ಇಟ್ಕೊಂಡು ಉಳಿದಿದ್ದು ಬಿಟ್ರೆ ಏನಾಗತ್ತೆ?

ಭಯ ಆಯ್ತು ಅವಳಿಗೆ, ಶಾಲೇಲಿ ಆರು ಗಂಟೆ ಕೂರ್ತಾರಲ್ಲ ಅಂತ. ಶಾಲೆಯ ಆರು ಗಂಟೆ ಒಂದು ಕ್ಲಾಸಿನ ತುಂಬ ಇರೋ ಮಕ್ಕಳಿಗೆ ಹಂಚಿ ಹೋಗೋ ಆರು ಗಂಟೆ, ಇಲ್ಲಿ ಪಕ್ಕದಲ್ಲಿ ಕೂತು ಒಬ್ಬರಿಗೇ ಹೇಳಿಕೊಡೋದು, ಎರಡರ ಲೆಕ್ಕ ಬೇರೆ. ಅಮೆರಿಕದ ಶಿಕ್ಷಣ ಸಂಶೋಧಕ ಬೆಂಜಮಿನ್ ಬ್ಲೂಮ್ 1984ರಲ್ಲಿ ಒಬ್ಬೊಬ್ಬರಿಗೇ ಪಾಠ ಮಾಡಿದ್ರೆ ಸಾಮಾನ್ಯ ಕ್ಲಾಸಿಗಿಂತ ಭಾರೀ ವ್ಯತ್ಯಾಸ ಬರತ್ತೆ ಅಂತ ತೋರಿಸಿದ್ರು. ಆಮೇಲಿನ ಸಂಶೋಧನೆಗಳಲ್ಲಿ ಅಷ್ಟು ದೊಡ್ಡ ಅಂತರ ಸಿಕ್ಕಿಲ್ಲ, ಅದನ್ನೂ ಹೇಳ್ಬೇಕು, ಆದ್ರೆ ಲಾಭ ಇದೆ ಅನ್ನೋದು ಮತ್ತೆ ಮತ್ತೆ ಕಂಡಿದೆ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಅಂತೂ ಎಂಟು ವರ್ಷದೊಳಗಿನ ಮಕ್ಕಳಿಗೆ ಒಂದು ಪಾಠ 20 ನಿಮಿಷ ದಾಟಬಾರದು ಅಂದಿದ್ರು. ಅಮೆರಿಕದಲ್ಲಿ ಹೋಮ್‌ಸ್ಕೂಲ್ ಮನೆಗಳಿಗಾಗಿ 1977ರಲ್ಲಿ ಪತ್ರಿಕೆ ಶುರು ಮಾಡಿದ ಜಾನ್ ಹೋಲ್ಟ್ ಇನ್ನೂ ಮುಂದೆ ಹೋಗಿ, ಮಗು ತನಗೆ ಬೇಕಾದಾಗ ಬೇಕಾದ್ದನ್ನ ಕಲೀಲಿ ಅಂದ್ರು. ಇವರಿಬ್ಬರ ಮೇಲೂ ನನಗೆ ತುಂಬ ಗೌರವ, ಆದ್ರೆ ಇಬ್ಬರೂ ಮದುವೆ ಆದವರಲ್ಲ, ಸ್ವಂತ ಮಕ್ಕಳಿರ್ಲಿಲ್ಲ. ಕಾಲಿಗೆ ಸುತ್ತಿಕೊಂಡ ಕೂಸನ್ನ ಎಳೆದುಕೊಂಡು ಪಾಠ ಮಾಡೋದು ಹೇಗೆ ಅಂತ ಅವರನ್ನ ಕೇಳೋ ಹಾಗಿಲ್ಲ, ಅದನ್ನ ನಾವು ನಾವೇ ಕಂಡ್ಕೋಬೇಕು.

ಕಂಡ್ಕೊಂಡಿದ್ದು ಹೀಗೆ. ಬೆಳಗ್ಗೆ ಮೊದಲ 15 ನಿಮಿಷ ಕೂಸಿಗೆ, ಪೂರ್ತಿ, ಫೋನ್ ಕೂಡ ಮುಟ್ಟದೆ. ಮೊದಲು ಅದನ್ನ ಸುಮ್ಮನಿರಿಸಿ ಆಮೇಲೆ ದೊಡ್ಡವರು ಅನ್ನೋ ಪ್ಲಾನ್ ಇತ್ತಲ್ಲ, ಅದನ್ನ ತಿರುಗಿಸಿದ್ವಿ, ಮೊದಲು ಅದರ ಹೊಟ್ಟೆ ತುಂಬ ಅಮ್ಮ ಸಿಗ್ಲಿ ಅಂತ. ಲೆಕ್ಕ ಕೂಸು ಮಲಗಿದಾಗ ಮಾತ್ರ, ದೊಡ್ಡವಳಿಗೆ 25 ನಿಮಿಷ, ನಡುವಿನವನಿಗೆ 15. ವಿಜ್ಞಾನ, ಸಮಾಜ, ಕಥೆ ಎಲ್ಲಾ ಇಬ್ಬರಿಗೂ ಒಟ್ಟಿಗೆ, ಅಮ್ಮ ಗಟ್ಟಿಯಾಗಿ ಓದೋದು, ಒಂಬತ್ತರವಳು ತನ್ನ ಮಟ್ಟಕ್ಕೆ ಹೇಳ್ತಾಳೆ, ಆರರವನು ಚಿತ್ರ ಬರೀತಾನೆ.

ನೋಟ್ಸ್ ಕಾಪಿ ಮಾಡೋದು ಪೂರ್ತಿ ನಿಲ್ಲಿಸಿದ್ವಿ. ಬದಲಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಹೇಳು. ಇದು ಮೇಸನ್ ಕಾಲದ ಹಳೇ ಪದ್ಧತಿ, ಆದ್ರೆ 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಇಂಥದ್ದೇ ಸಿಕ್ತು, ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದವರು ಮುಂದೆ, ಒಂದು ವಾರ ಬಿಟ್ಟು ಕೇಳಿದ್ರೆ ನೆನಪಿಂದ ತೆಗೆದು ಬರೆದವರು ಮುಂದೆ. ಅಮ್ಮಂದಿರಿಗೆ ಇದರ ನಿಜವಾದ ಲಾಭ ಬೇರೆ, ಮಗು ಹೇಳೋದನ್ನ ಹಿಟ್ಟು ಕಲಸ್ತಾನೂ ಕೇಳಬಹುದು, ತಿದ್ದೋಕೆ ನೋಟ್‌ಬುಕ್ ರಾಶಿ ಇರಲ್ಲ.

ಇನ್ನೊಂದು ವಿಷಯ, ಶಾಲೆ ಬಿಟ್ಟ ಮಗುಗೆ, ಅದು ಶಾಲೆಗೆ ಹೋದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳ ಹಾಗೆ ಸುಧಾರಿಸಿಕೊಳ್ಳೋಕೆ ಬಿಡಿ ಅಂತ ಹೋಮ್‌ಸ್ಕೂಲ್ ಮಾಡೋರ ಬಾಯಲ್ಲಿ ಒಂದು ಲೆಕ್ಕ ಓಡಾಡ್ತಿರತ್ತೆ, ಡಿಸ್ಕೂಲಿಂಗ್ ಅಂತಾರೆ. ಶಾಸ್ತ್ರ ಏನಲ್ಲ, ಅನುಭವದ ಮಾತು ಅಷ್ಟೇ. ಈ ಹುಡುಗಿಗೆ ಆ ಲೆಕ್ಕದಲ್ಲಿ ಮೂರು ತಿಂಗಳು ಬೇಕಿತ್ತು, ಸಿಕ್ಕಿದ್ದು ಒಂದು ದಿನ.

ಕೈಕೊಟ್ಟಿದ್ದೂ ಇದೆ. ಸ್ಟಾರ್ ಚಾರ್ಟ್ ಮಾಡಿದ್ವಿ, ಮೂರನೇ ದಿನ ದೊಡ್ಡವಳು "ಸ್ಟಾರ್ ಬೇಡಮ್ಮಾ, ನೀನು ಬೈಬೇಡ ಸಾಕು" ಅಂದ್ಲು, ಕಿತ್ತು ಹಾಕಿದ್ವಿ. ಕೂಸಿಗೆ ಅಂತ ಮಾಡಿದ ಆಟದ ಡಬ್ಬಿ ನಾಲ್ಕು ದಿನ ನಡೀತು, ಐದನೇ ದಿನ ಡಬ್ಬಿ ತಲೆ ಮೇಲೆ ಬೋರಲು ಹಾಕ್ಕೊಂಡು ಓಡಾಡ್ತಿತ್ತು. ಊಟ ಆದ್ಮೇಲೆ ಎಲ್ಲರೂ ಒಂದೊಂದು ಮೂಲೇಲಿ ಪುಸ್ತಕ ಹಿಡ್ಕೊಂಡು ಮುಕ್ಕಾಲು ಗಂಟೆ ಸುಮ್ಮನೆ ಇರೋದು ಅನ್ನೋ ನನ್ನ ಐಡಿಯಾ ಮೊದಲ ವಾರ ಪೂರ್ತಿ ಫೇಲು. ಹತ್ತು ನಿಮಿಷದಿಂದ ಶುರು ಮಾಡಿ ವಾರಕ್ಕೆ ಐದೈದು ನಿಮಿಷ ಏರಿಸಿದ್ವಿ, ಈಗ ಅರ್ಧ ಗಂಟೆ ಸಿಗತ್ತೆ ಅವಳಿಗೆ. ಆ ಅರ್ಧ ಗಂಟೇಲಿ ಪಾತ್ರೆ ತೊಳೀಬಾರದು ಅಂತ ಷರತ್ತು ಹಾಕಿದೀನಿ, ಪಾಲಿಸ್ತಾಳೋ ಇಲ್ವೋ.

ನೋಟ್‌ಬುಕ್ಕು ಮತ್ತೆ ಗಂಡ

ಮಾಡಬೇಕಾದ್ದು ಬರೆಯೋ ಚಾರ್ಟ್ ತೆಗೆದು, ಆಗಿದ್ದು ಮಾತ್ರ ಬರೆಯೋ ಒಂದು ನೋಟ್‌ಬುಕ್ ಇಡು ಅಂದೆ. ದಿನಕ್ಕೆ ನಾಲ್ಕು ಸಾಲು ಸಾಕು. ಮೊದಲ ದಿನ "ಏನೂ ಆಗ್ಲಿಲ್ಲ" ಅಂತ ಬರೆದಿದ್ಲು. ಬಾಯಿಬಿಡಿಸಿದ್ರೆ, ದೊಡ್ಡವಳು ತಮ್ಮನಿಗೆ ಒಂದು ಪೂರ್ತಿ ಕಥೆ ಓದಿ ಹೇಳಿದಾಳೆ, ಇಬ್ಬರೂ ಸೇರಿ ಇರುವೆ ಸಾಲಿನ ಹಿಂದೆ ಹೋಗಿ ಗೂಡು ಹುಡುಕಿದಾರೆ, ಅಳತೆ ಮಾಡಿ ನೀರು ಹಾಕಿ ಹಿಟ್ಟು ಕಲಸಿದಾರೆ. ಇದನ್ನೆಲ್ಲ ಯಾಕೆ ಬರೀಲಿಲ್ಲ ಅಂದ್ರೆ "ಅದು ಪಾಠ ಅಲ್ವಲ್ಲಾ ಅಕ್ಕಾ." ಚಾರ್ಟಲ್ಲಿ ಇಲ್ಲದ್ದು ಅವಳ ಕಣ್ಣಿಗೇ ಬೀಳ್ತಿರ್ಲಿಲ್ಲ. ಎರಡು ಮೂರು ವಾರ ಬೇಕಾಯ್ತು ಬೀಳೋಕೆ.

ಆ ನೋಟ್‌ಬುಕ್ ಊಟದ ಜಾಗದಲ್ಲಿ ಇಟ್ಟಿದ್ದಕ್ಕೆ ಗಂಡ ಕೇಳೋದು ನಿಂತು ಓದೋದು ಶುರುವಾಯ್ತು. ಒಂದಿನ ಓದಿ, "ಇಷ್ಟೆಲ್ಲಾ ಮಾಡ್ತೀಯಾ?" ಅಂದ್ರಂತೆ. ನಾನು ಹೇಳಿದ ನೂರು ಒಳ್ಳೆ ಮಾತು ಆ ಒಂದು ಮಾತಿನ ಮುಂದೆ ಏನೂ ಅಲ್ಲ. ಆದ್ರೆ ಹೊಗಳಿಕೆಯಲ್ಲೇ ನಿಲ್ಲಬಾರದು ಅಂತ ನಾನು ಇನ್ನೊಂದು ಹೇಳಿಕೊಟ್ಟೆ, ಸ್ವಲ್ಪ ಹೆಲ್ಪ್ ಮಾಡಿ ಅಂತ ಕೇಳ್ಬೇಡ, ಒಂದು ಕೆಲಸ ಪೂರ್ತಿ ಬಿಟ್ಟುಕೊಡು, ಆಮೇಲೆ ಅದರ ಕಡೆ ತಿರುಗಿ ನೋಡಬೇಡ ಅಂತ. ನಡುವಿನವನ ಓದು ಅಪ್ಪನ ಪಾಲಾಯ್ತು. ದಿನಾ ರಾತ್ರಿ ಮಲಗೋ ಮುಂಚೆ ಒಂದು ಪುಟ, ಅದೇ ಪುಸ್ತಕ ಮತ್ತೆ ಮತ್ತೆ, ಒತ್ತಕ್ಷರ ಬಂದಾಗ ಅಪ್ಪ ಹೇಳಿಬಿಡೋದು, ಕಾಯಿಸದೆ. ಅಪ್ಪನಿಗೆ ಟೈಮ್‌ಟೇಬಲ್ ಭಯ ಇಲ್ವಲ್ಲ, ಹಾಗಾಗಿ ಹುಡುಗನಿಗೂ ಭಯ ಇರ್ಲಿಲ್ಲ. ಎರಡು ತಿಂಗಳಲ್ಲಿ ನಿಲ್ಲದೆ ಓದ್ತಿದಾನೆ, ಅದು ಅಪ್ಪನ ಮಹಿಮೆನೋ ಆ ವಯಸ್ಸಿಗೆ ತಾನಾಗೇ ಬರೋದೋ ನಾನು ಹೇಳಲಾರೆ.

ಮಗ್ಗಿ ಕೇಳೋ ನೆಂಟರಿಗೆ ಔಷಧಿ ಇಲ್ಲ. ಆದ್ರೆ ದೊಡ್ಡವಳು ಈಗ "ಹದಿನೇಳರದ್ದು ಇನ್ನೂ ಬರಲ್ಲ, ಇರುವೆ ಗೂಡು ಎಲ್ಲಿದೆ ತೋರಿಸ್ಲಾ?" ಅಂತಾಳಂತೆ. ಅಮ್ಮ ತಲೆ ತಗ್ಗಿಸೋದು ಬಿಟ್ಟಿದಾಳೆ.

ಐದು ತಿಂಗಳಾದ್ಮೇಲೆ

ಎಲ್ಲಾ ಸರಿಹೋಗಿದೆ ಅಂತ ಬರೆದ್ರೆ ಸುಳ್ಳಾಗತ್ತೆ. ದೊಡ್ಡವಳ ಅಕ್ಷರ ಇನ್ನೂ ಕಾಗೆ ಕಾಲು. ಕಳೆಯೋದು ಬಂತು, ಈಗ ಭಿನ್ನರಾಶಿ ಬಂದು ಕೂತಿದೆ, ಅರ್ಧಕ್ಕಿಂತ ಕಾಲು ದೊಡ್ಡದು, ಯಾಕಂದ್ರೆ ನಾಲ್ಕು ಎರಡಕ್ಕಿಂತ ದೊಡ್ಡದು ಅಂತ ವಾದ ಮಾಡ್ತಾಳೆ. ಈ ಸಲ ಅಮ್ಮ ಇಂಟು ಹಾಕ್ಲಿಲ್ಲ, ಹಾಗಾದ್ರೆ ನಿನಗೆ ಕಾಲು ಭಾಗ, ತಮ್ಮನಿಗೆ ಅರ್ಧ ಅಂತ ತಟ್ಟೇಲಿ ಇಟ್ಟಳಂತೆ, ದೊಡ್ಡ ಜಗಳ ಆಯ್ತಂತೆ. ಮುಂದಿನ ವರ್ಷ ಶಾಲೆಗೆ ವಾಪಸ್ ಕಳಿಸಬೇಕಾ ಅನ್ನೋ ಪ್ರಶ್ನೆ ಇನ್ನೂ ತೆರೆದೇ ಇದೆ, ಇರ್ಲಿ ಅಂತ ನಾನೂ ಹೇಳಿದೀನಿ, ಬಳಲಿ ಬಿದ್ದ ರಾತ್ರಿ ಮಾಡೋ ತೀರ್ಮಾನ ಅದಲ್ಲ, ಚೆನ್ನಾಗಿ ನಿದ್ದೆ ಮಾಡಿದ ಬೆಳಗ್ಗೆ ಕೂತು ಮಾಡ್ಲಿ, ಕಳಿಸಿದ್ರೂ ಸೋತ ಹಾಗೇನಲ್ಲ.

ಹೋದ ವಾರ ಅವಳ ಮನೆಗೆ ಹೋಗಿದ್ದೆ. ಅವಳು ಒಳಗೆ ಕೂಸನ್ನ ಮಲಗಿಸ್ತಿದ್ದಾಗ ನೋಟ್‌ಬುಕ್ ತಿರುವಿ ಹಾಕಿದೆ. ಮೂರು ದಿನದ ಹಿಂದಿನ ಪುಟದಲ್ಲಿ ಹೀಗಿತ್ತು: "ಗುರುವಾರ. ಏನೂ ಆಗ್ಲಿಲ್ಲ. ಮೂವರಿಗೂ ನೆಗಡಿ. ನಾನೂ ಅವರ ಜೊತೆ ಮಲ್ಕೊಂಡೆ." ಆ ರಾತ್ರಿ ನನಗೆ ಫೋನ್ ಬಂದಿರ್ಲಿಲ್ಲ.